ನಾಲಿಗೆಯ ಮೇಲೆ ಕಬ್ಬಿಣ

ಕಿಟಕಿಯ ಕೆಳಗೆ ಪೀಕದಾನಿ ನಿಂತಿತ್ತು. ಸೊಂಟದೆತ್ತರದ ಹಿತ್ತಾಳೆಯ ಪಾತ್ರೆ. ನಡು ಸಣ್ಣಗೆ, ಬಾಯಿ ಕಹಳೆಯಂತೆ ಅಗಲ, ಬುಡದಲ್ಲಿ ಮೂರು ಪುಟ್ಟ ಗಾಲಿಗಳು. ನೆರಳು ಬೀಳಿಸದ ಚಪ್ಪಟೆ ಬೆಳಕು ಅದರ ಅಂಚಿನ ಮೇಲೆ ಬಿದ್ದು ಅಲ್ಲೇ ಅಂಟಿಕೊಂಡಿತ್ತು. ಒಳಗೆ ಕಂದು ದ್ರವ, ಅದರ ಮೇಲೆ ನೊರೆ. ನೊರೆಯ ಗುಳ್ಳೆಗಳು ಒಂದನ್ನೊಂದು ಒತ್ತಿಕೊಂಡು, ಸತ್ತ ಮೀನುಗಳ ಕಣ್ಣಿನಂತೆ ಮೇಲಕ್ಕೆ ನೋಡುತ್ತಿದ್ದವು. ಅಂಚಿನಿಂದ ಎಂಜಲಿನ ಎಳೆಯೊಂದು ಇಳಿದು, ತುದಿಯಲ್ಲಿ ಒಂದು ಹನಿಯನ್ನು ಹಿಡಿದುಕೊಂಡು, ಬೀಳಲೂ ಒಲ್ಲದೆ ಏರಲೂ ಆಗದೆ ತೂಗಿತ್ತು. ಪಕ್ಕದ ಉದ್ದನೆಯ ಮೇಜಿನ ಮೇಲೆ ಬಿಳಿ ಬಟ್ಟಲುಗಳ ಸಾಲು. ಪ್ರತಿ ಬಟ್ಟಲಿನ ಹಿಂದೆ ಮಗುಚಿಟ್ಟ ಮುಚ್ಚಳ, ಮುಚ್ಚಳದ ಮೇಲೆ ಬೆಂದ ಚಹಾ ಎಲೆಯ ಒದ್ದೆ ಗುಪ್ಪೆ. ಹಬೆ ಎಂದೋ ಆರಿತ್ತು. ಗುಪ್ಪೆಯೊಂದರ ಮೇಲೆ ಕೂತ ನೊಣವೂ ಅಲುಗುತ್ತಿರಲಿಲ್ಲ.

ಬಾಗಿಲಲ್ಲಿ ನಿಂತ ಚಹಾ ರುಚಿಗಾರ ಅದರಿಂದ ಮುಖ ತಿರುಗಿಸಿದ.

ಅದೇ ಪೀಕದಾನಿಗೆ ಉಗಿದು ಅನ್ನ ಕಂಡವನು ಅವನು. ಚಮಚದಿಂದ ಚಹಾವನ್ನು ಸೊರ್ರೆಂದು ಎಳೆದು, ಅಂಗುಳಿಗೆ ತುಂತುರಾಗಿ ಹಾಯಿಸಿ, ಕಣ್ಣು ಮುಚ್ಚಿ, ದೂರದ ಮಾತನ್ನು ಆಲಿಸುವವನಂತೆ ಒಂದು ಗಳಿಗೆ ತಡೆದು, ಪಿಚಕ್ಕನೆ ಉಗಿಯುವುದು. ಉಗಿದ ಮೇಲೆ ಒಂದು ಮಾತು ಹೇಳುವುದು. ಆ ಒಂದು ಮಾತಿನ ಮೇಲೆ ಚಹಾದ ಮೂಟೆಗಳು ಗೋದಾಮಿನಿಂದ ಹೊರಡುತ್ತಿದ್ದವು ಇಲ್ಲವೇ ಬಂದ ದಾರಿ ಹಿಡಿಯುತ್ತಿದ್ದವು. "ಉಗಿದು ಉಣ್ಣೋ ಕುಲ ನಮ್ಮದು" ಎಂದು ಅವನೇ ನಗೆಯಾಡುತ್ತಿದ್ದ. ಬೆನ್ನ ಹಿಂದೆ ಎಲ್ಲರೂ ಅವನನ್ನು ಕರೆಯುತ್ತಿದ್ದುದು 'ನಾಲಿಗೆ' ಎಂದು. ನಾಲಿಗೆ ಬಂತು, ನಾಲಿಗೆಗೆ ಇವತ್ತು ಸಿಟ್ಟು, ನಾಲಿಗೆ ರಜ. ಅದು ಅವನ ಕಿವಿಗೂ ಬಿದ್ದಿತ್ತು. ಕೇಳಿಸದವನಂತೆ ನಟಿಸಿ ಒಳಗೊಳಗೇ ಹಿಗ್ಗಿದ್ದ.

ಅಂಥ ನಾಲಿಗೆಯ ಮೇಲೆ ಈಗೊಂದು ತಿಂಗಳಿಂದ ಕಬ್ಬಿಣ ಬಂದು ಕೂತಿತ್ತು. ಯಾವ ಬಟ್ಟಲನ್ನೇ ಎತ್ತಲಿ, ಮೊದಲು ಚಹಾ ಬರುತ್ತಿತ್ತು, ಅದರ ಬೆನ್ನಿಗೇ ತುಕ್ಕು ಹಿಡಿದ ಬೀಗದ ಕೈಯನ್ನು ನೆಕ್ಕಿದ ಹಾಗೆ, ಹಲ್ಲು ಕಿತ್ತ ಕುಳಿಯಲ್ಲಿ ನಾಲಿಗೆ ಇಟ್ಟ ಹಾಗೆ, ಒಂದು ಕಹಿ, ತಣ್ಣನೆಯ, ಲೋಹದ ರುಚಿ. ಅದು ಹೋಗುತ್ತಿರಲಿಲ್ಲ. ಮೊದಮೊದಲು ಎಲೆಯನ್ನು ಬೈದ, ಆಮೇಲೆ ಕೆಟಲನ್ನು, ಆಮೇಲೆ ನಲ್ಲಿ ನೀರನ್ನು. ಕೊನೆಗೆ ಅಪರಾಧಿ ಸಿಕ್ಕಿತು ಎಂದುಕೊಂಡ: ಹೊಸ ಮಾತ್ರೆ.

ಅವನ ಮೂತ್ರಪಿಂಡಗಳು ಅರ್ಧಕ್ಕಿಂತ ಹೆಚ್ಚು ಸೋತಿದ್ದವು. ರಕ್ತದೊತ್ತಡ ಕಿಡ್ನಿಯನ್ನು ತಿನ್ನುತ್ತದೆ, ಕೆಟ್ಟ ಕಿಡ್ನಿ ರಕ್ತದೊತ್ತಡವನ್ನು ಏರಿಸುತ್ತದೆ, ಒಂದರ ಬಾಲ ಇನ್ನೊಂದರ ಬಾಯಲ್ಲಿ ಎಂದು ಡಾಕ್ಟರಮ್ಮ ಕಾಗದದ ಮೇಲೆ ಸುರುಳಿ ಬರೆದು ತೋರಿಸಿದ್ದರು. ಮೊದಲ ಮಾತ್ರೆಗೆ ಅವನ ಪಾದಗಳು ಊದಿಕೊಂಡವು. ಸಂಜೆ ಕಾಲುಚೀಲ ಕಳಚಿದರೆ ಕಣಕದ ಮುದ್ದೆಗೆ ದಾರ ಬಿಗಿದಂಥ ಗುರುತು, ಹೆಬ್ಬೆಟ್ಟು ಒತ್ತಿದರೆ ಗುಳಿ ಬಿದ್ದು ಅಲ್ಲೇ ನಿಲ್ಲುತ್ತಿತ್ತು. ಆ ಗುಳಿಯನ್ನು ನೋಡಿ ಅವನಿಗೆ ತನ್ನ ಕಾಲಿನ ಮೇಲೇ ಹೇಸಿಗೆಯಾಗಿತ್ತು. ಎರಡನೆಯ ಮಾತ್ರೆ ನೀರಿಳಿಸುವಂಥದು. ರುಚಿಯ ಸಾಲಿನ ನಡುವೆ ಮೂರು ಸಲ ಬಚ್ಚಲಿಗೆ ಓಡಿಸಿತು, ಮೀನಖಂಡವನ್ನು ಹಿಂಡಿತು. ಆಮೇಲೆ ಬಂದದ್ದು ಇದು.

"ಇದು ಕಿಡ್ನಿಗೆ ಕಾವಲು ಇದ್ದ ಹಾಗೆ" ಎಂದಿದ್ದರು ಡಾಕ್ಟರಮ್ಮ. "ಆದ್ರೆ ಕಾವಲು ನಾಯೀನೂ ಒಂದೊಂದ್ಸಲ ಕಚ್ಚುತ್ತೆ. ಕೆಲವರಿಗೆ ಒಣಕೆಮ್ಮು, ಕೆಲವರಿಗೆ ತಲೆಸುತ್ತು, ಅಪರೂಪಕ್ಕೆ ಬಾಯಿ ರುಚಿ ಕೆಡುತ್ತೆ. ರಕ್ತದಲ್ಲಿ ಪೊಟ್ಯಾಸಿಯಂ ಏರಬಹುದು, ಅದಕ್ಕೇ ಎರಡು ವಾರ ಬಿಟ್ಟು ಪರೀಕ್ಷೆಗೆ ಬರಲೇಬೇಕು. ಉಪ್ಪು ಕಮ್ಮಿ ಮಾಡಿ."

ಗಂಡ ಹೆಂಡತಿ ಒಂದೇ ಬೆಂಚಿನ ಮೇಲೆ ಕೂತು ಈ ಮಾತನ್ನು ಕೇಳಿದ್ದರು. ಅವನಿಗೆ ಕೇಳಿಸಿದ್ದು ನಾಲಿಗೆ, ಅವಳಿಗೆ ಕೇಳಿಸಿದ್ದು ಉಪ್ಪು. ನಡುವಿನ ಮಾತು ಇಬ್ಬರಿಗೂ ದಕ್ಕದೆ ಗಾಳಿಗೆ ಹೋಯಿತು. ರಕ್ತ ಪರೀಕ್ಷೆಯನ್ನು ಅವನು ಈ ವಾರ ಆ ವಾರ ಎಂದು ಮುಂದೂಡಿದ. ಆ ಕೋಣೆಯ ಸ್ಪಿರಿಟ್ಟಿನ ವಾಸನೆ, ಬೇರೆಯವರ ರಕ್ತದ ಚುಕ್ಕೆ ಹೊತ್ತ ಹತ್ತಿಯ ಬುಟ್ಟಿ, ತೋಳಿಗೆ ಬಿಗಿಯುವ ಬೆವರಂಟಿದ ರಬ್ಬರು: ನೆನೆದರೇ ಮೈ ಮುದುಡುತ್ತಿತ್ತು.

"ಮೇಷ್ಟ್ರೇ, ಬೆಳಗಿನ ಸಾಲು ಪೂರ್ತಿ ತಳ್ಳಿಹಾಕಿಬಿಟ್ರಂತೆ?"

ಕೆಟಲು ಹಿಡಿದು ಒಳಬಂದವಳು ಎರಡನೆಯ ರುಚಿಗಾರ್ತಿ. ಇಬ್ಬರು ಬೆಳೆದ ಮಕ್ಕಳ ತಾಯಿ. ಈ ವಿದ್ಯೆಯನ್ನು ಅವನಿಂದಲೇ ಕಲಿತವಳು, ಹಾಗಾಗಿ ಮೇಷ್ಟ್ರೇ ಎನ್ನುವುದನ್ನು ಬಿಟ್ಟಿರಲಿಲ್ಲ.

"ಕಬ್ಬಿಣ" ಎಂದ ಅವನು.

"ಎಲ್ಲಾದ್ರಲ್ಲೂ?"

"ಎಲ್ಲಾದ್ರಲ್ಲೂ."

ಅವಳು ಒಂದು ಬಟ್ಟಲಿನಿಂದ ಚಮಚ ಎತ್ತಿ ಸೊರ್ರೆಂದು ಎಳೆದು, ಉಗಿದು, ತಲೆಯಾಡಿಸಿದಳು. "ನನಗೆ ಸಿಗ್ತಿಲ್ಲ ಮೇಷ್ಟ್ರೇ."

"ನಿನ್ನ ನಾಲಿಗೆಗೆ ಇನ್ನೂ ಹಲ್ಲು ಬಂದಿಲ್ಲ."

"ಬರೋದ್ರೊಳಗೆ ಬಾಯಲ್ಲಿರೋ ಹಲ್ಲೇ ಉದುರುತ್ತೆ ಬಿಡಿ" ಎಂದು ನಕ್ಕಳು. ಆ ನಗೆಯ ತಳದಲ್ಲಿದ್ದ ಕನಿಕರವನ್ನು ಅವನು ಕಂಡ. ಮೂಗು ಮುರಿದು, ತನ್ನ ಬಾಟಲಿಯ ಬಿರಡೆ ತೆಗೆದು, ಬಾಯಿ ಮುಕ್ಕಳಿಸಿ ಪೀಕದಾನಿಗೆ ಬಿಟ್ಟ.

ಆ ಬಾಟಲಿ ಅವನ ಗುರು ಕಲಿಸಿದ ಮಡಿ. ಒಂದು ಸಾಲಿಗೂ ಇನ್ನೊಂದು ಸಾಲಿಗೂ ನಡುವೆ ಉಗುರುಬೆಚ್ಚನೆಯ ನೀರಿಗೆ ಚಿಟಿಕೆ ಉಪ್ಪು ಹಾಕಿ ಮುಕ್ಕಳಿಸಬೇಕು. ಬರೀ ನೀರು ನಾಲಿಗೆಯನ್ನು ಮಂಕು ಮಾಡುತ್ತದೆ. ನೀರು ಮನೆಯದಾಗಬೇಕು, ಉಪ್ಪೂ ಮನೆಯದೇ ಆಗಬೇಕು. ಆ ನೀರಿನ ರುಚಿಯನ್ನು ಮಾತ್ರ ಯಾವತ್ತೂ ನೋಡಬಾರದು. ತಕ್ಕಡಿಯನ್ನು ಯಾರಾದರೂ ತೂಗುತ್ತಾರೆಯೇ? ಅದಕ್ಕಾಗಿ ಪ್ರತಿ ಬೆಳಿಗ್ಗೆ ಅಡುಗೆಮನೆಯ ಪಿಂಗಾಣಿ ಜಾಡಿಯಿಂದ ತಾನೇ ಒಂದು ಚಿಟಿಕೆ ತೆಗೆದು ಬಾಟಲಿಗೆ ಹಾಕಿ ತರುತ್ತಿದ್ದ. ಎರಡನೆಯವಳು ಬರೀ ನಲ್ಲಿ ನೀರಿನಲ್ಲೇ ಕೆಲಸ ಮುಗಿಸುತ್ತಿದ್ದಳು. ಅದನ್ನು ಕಂಡಾಗಲೆಲ್ಲ ಅವನು ತುಟಿ ಕೊಂಕಿಸುತ್ತಿದ್ದ.

ಮಾಲೀಕ ಬಂದ. ಚಿಕ್ಕವನಾಗಿದ್ದಾಗ ಇದೇ ಮೇಜಿನ ಕೆಳಗೆ ಆಡಿಕೊಂಡಿದ್ದವನು. ತಂದೆ ಸತ್ತ ಮೇಲೆ ಮೇಜಿನ ಆಚೆ ಬದಿಗೆ ಬಂದಿದ್ದ. ಇವನನ್ನು ಮಾಮ ಎಂದೇ ಕರೆಯುತ್ತಿದ್ದ.

"ಮಾಮ, ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ. ನೀವು ಕುಣಿದು ತೋರಿಸಿದವರು, ನಿಮಗೆ ಆ ಗಾದೆ ಹೇಳೋಕೆ ಬಾಯಿ ಬರಲ್ಲ. ಆದ್ರೆ ಊರಿನ ಚಹಾಕ್ಕೆಲ್ಲ ಕಬ್ಬಿಣ ಅಂದ್ರೆ ನಾನು ಗೋದಾಮಿಗೆ ಬೀಗ ಹಾಕಿ ಗುಜರಿ ಅಂಗಡಿ ಇಡಬೇಕಾಗುತ್ತೆ."

"ಇದ್ದದ್ದನ್ನ ಇದೆ ಅಂದೆ."

"ಸೋಮವಾರ ದೊಡ್ಡ ಗಿರಾಕಿ ಬರ್ತಿದಾರೆ. ಹೊಸ ಮಿಶ್ರಣ ಅವರ ಎದುರೇ ತೀರ್ಮಾನ ಆಗಬೇಕು. ನಿಮ್ಮ ನಾಲಿಗೆ ಹೇಳಲಿ, ಅದೇ ನನಗಿಷ್ಟ." ಅವನು ಪೀಕದಾನಿಯ ಕಡೆ ನೋಡಿ, ಕೂಡಲೇ ಕಣ್ಣು ತೆಗೆದ. "ಆಗದೆ ಇದ್ರೆ ಇನ್ಮೇಲೆ ಅಕ್ಕನ ನಾಲಿಗೆ ಹೇಳುತ್ತೆ. ನೀವು ಆರಾಮಾಗಿ ಮನೇಲಿರಿ."

ಅಕ್ಕ ಎಂದದ್ದು ಎರಡನೆಯವಳನ್ನು. ಅವಳು ಕೆಟಲಿನ ಮುಚ್ಚಳವನ್ನು ವಿನಾಕಾರಣ ತೆಗೆದು ಮುಚ್ಚಿದಳು.

ಆ ರಾತ್ರಿ ಊಟಕ್ಕೆ ಕೂತಾಗ ಮೊದಲ ತುತ್ತಿನಲ್ಲೇ ಕಬ್ಬಿಣ ಎದುರಾಯಿತು. ಅನ್ನದಲ್ಲಿ, ಬೇಯಿಸಿದ ತರಕಾರಿಯಲ್ಲಿ, ಬೇಳೆಯ ಕಟ್ಟಿನಲ್ಲಿ. ಅಗಿದದ್ದನ್ನು ನುಂಗಲಾರದೆ ಬಾಯಲ್ಲೇ ಇಟ್ಟುಕೊಂಡು, ತನ್ನ ಬಾಯಿ ತನ್ನದಲ್ಲ, ಯಾರೋ ಬಳಸಿ ತೊಳೆಯದೆ ಬಿಟ್ಟ ಪಾತ್ರೆ ಎನಿಸಿ ಕಣ್ಣು ಮುಚ್ಚಿದ.

"ಮುಖ ಯಾಕ್ರೀ ಹಾಗೆ ಮಾಡ್ತೀರಿ? ವಿಷ ಏನೂ ಹಾಕಿಲ್ಲ" ಎಂದಳು ಹೆಂಡತಿ.

"ಇದಕ್ಕಿಂತ ಅದೇ ವಾಸಿ. ಅಸಹ್ಯ ಕಣೇ. ಮೊಳೆ ಬೇಯಿಸಿ ಬಡಿಸಿದ ಹಾಗಿದೆ."

"ಓಹೋ, ಮೊಳೆ ತಿಂದೂ ಅನುಭವ ಇದೆಯಾ? ನನಗಂತೂ ಏನೂ ಗೊತ್ತಾಗ್ತಿಲ್ಲಪ್ಪ. ನನ್ನ ನಾಲಿಗೆಗೆ ಯಾರೂ ಸಂಬಳ ಕೊಡಲ್ಲ ನೋಡಿ." ಅವಳು ತನ್ನ ತಟ್ಟೆಯತ್ತ ಬಗ್ಗಿದಳು, ಮತ್ತೆ ತಡೆಯಲಾಗಲಿಲ್ಲ. "ಉಪ್ಪಿಗಿಂತ ರುಚಿಯಿಲ್ಲ ಅಂತಾರೆ. ಉಪ್ಪೇ ಕಮ್ಮಿ ಮಾಡು ಅಂದ್ರೆ ನಾನಾದ್ರೂ ಏನ್ಮಾಡ್ಲಿ? ಹತ್ತು ಅಂಗಡಿ ಅಲೆದು, ಬಿ.ಪಿ.ಯವರಿಗೆ ಅಂತಲೇ ಮಾಡಿರೋ ಉಪ್ಪು ತಂದು ಜಾಡಿ ತುಂಬಿಸಿದೀನಿ. ಇಲ್ಲಿ ನನ್ನ ಕೈ ಸವೀತಿದೆ, ನೀವು ಆಫೀಸಲ್ಲಿ ಉಗಿದದ್ದು ಸಾಲದು ಅಂತ ಮನೇಲೂ ಉಗೀರಿ."

ಅವನ ಕಿವಿ ಅಲ್ಲಿರಲಿಲ್ಲ. ಕೈ ತೊಳೆದು ಬಚ್ಚಲಿಗೆ ಹೋದ. ಮೂತ್ರ ನೊರೆ ನೊರೆಯಾಗಿ ಬಿತ್ತು. ಗುಳ್ಳೆಗಳು ಒಡೆಯದೆ ಒತ್ತಿಕೊಂಡು ಮೇಲಕ್ಕೆ ನೋಡಿದವು; ಥೇಟು ಪೀಕದಾನಿ. ತಾನೇ ಒಂದು ಪೀಕದಾನಿಯಾಗಿದ್ದೇನೆ, ಗಾಲಿಯ ಮೇಲೆ ಮನೆಗೂ ಕೆಲಸಕ್ಕೂ ಉರುಳಾಡುತ್ತಿದ್ದೇನೆ ಎನಿಸಿತು. ನಾಲಿಗೆ ಹೋದ ಮೇಲೆ ಉಳಿಯುವುದು ಇಷ್ಟೇ: ಊದುವ ಕಾಲು, ನೊರೆಗಟ್ಟುವ ನೀರು. ಅಲ್ಲೇ ನಿಂತು ಒಂದು ತೀರ್ಮಾನಕ್ಕೆ ಬಂದ. ಕಿಡ್ನಿ ಹೇಗೂ ಹೋಗುತ್ತಿದೆ, ಹೋಗಲಿ; ಸೋಮವಾರಕ್ಕೆ ನಾಲಿಗೆ ಉಳಿಯಬೇಕು.

ಮರುದಿನದಿಂದ ಮಾತ್ರೆಯನ್ನು ನುಂಗುವುದು ನಿಂತಿತು. ಹೆಂಡತಿ ಬೆಳಿಗ್ಗೆ ಮಾತ್ರೆಯನ್ನು ಅಂಗೈಗೆ ಹಾಕಿ, ನೀರಿನ ಲೋಟ ಕೊಟ್ಟು, ಗಂಟಲು ಕುಣಿಯುವುದನ್ನು ನೋಡಿಯೇ ಹೋಗುತ್ತಿದ್ದಳು. ಬಾಯಿಯ ಒಳಗನ್ನು ಅವನಷ್ಟು ಬಲ್ಲವರು ಯಾರು? ಮಾತ್ರೆಯನ್ನು ಕೆನ್ನೆಯ ಸಂದಿಗೆ ಸರಿಸಿ, ನೀರನ್ನಷ್ಟೇ ಕುಡಿದು, ಬಾಯಿ ಅಗಲಿಸಿ ತೋರಿಸಿ, ಬೀದಿಯ ತಿರುವಿನ ಚರಂಡಿಗೆ ಉಗಿಯುತ್ತಿದ್ದ. ಕಪ್ಪು ರೊಚ್ಚಿನ ಮೇಲೆ ಮಾತ್ರೆಯ ಗುಲಾಬಿ ಬಿಂದು ಒಂದು ಗಳಿಗೆ ತೇಲಿ ಮುಳುಗುತ್ತಿತ್ತು. ತಲೆ ಸಿಡಿಯತೊಡಗಿತು, ಕಿವಿಯಲ್ಲಿ ಯಾರೋ ರೊಟ್ಟಿ ತಟ್ಟುವ ಸದ್ದು. ಕೈಕಾಲು ನೆನೆದ ಬಟ್ಟೆಯಂತೆ ಭಾರವಾದವು. ಕಬ್ಬಿಣ ಮಾತ್ರ ಅಲುಗಲಿಲ್ಲ. ಮಾತ್ರೆಯ ವಿಷ ಮೈಯಿಂದ ಇಳಿಯಲು ಹೊತ್ತು ಬೇಕು ಎಂದು ತನಗೆ ತಾನೇ ಹೇಳಿಕೊಂಡ.

ಸೋಮವಾರ ಬಂತು. ಗಿರಾಕಿ ಸ್ಥೂಲಕಾಯದವರು, ಮಾತಿಗೊಮ್ಮೆ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುವವರು. ಬಟ್ಟಲುಗಳು ಸಾಲುಗಟ್ಟಿದ್ದವು. ಆ ಸಾಲಿನಲ್ಲಿ ಒಂದು, ಅವನೇ ಕಳೆದ ವರ್ಷ ಆರಿಸಿ ಮೆಚ್ಚಿದ್ದ ತೋಟದ್ದು; ಬಣ್ಣದಲ್ಲೇ ಗುರುತು ಸಿಕ್ಕಿತು. ಮುಕ್ಕಳಿಸಿದ, ಉಗಿದ, ಚಮಚ ಎತ್ತಿದ. ಬಂತು: ಎಳೆಬಿಸಿಲಿನಂಥ ಚಹಾ, ಅದರ ಬೆನ್ನಿಗೆ ತುಕ್ಕು.

ಸುಳ್ಳು ಹೇಳಬಹುದಿತ್ತು. ಬಣ್ಣ ನೋಡಿ, ಎಲೆ ಮೂಸಿ, ನೆನಪಿನಿಂದ ಹೊಗಳಿ ಪಾರಾಗಬಹುದಿತ್ತು. ಮನೆಯಲ್ಲಿ ವಾರವೆಲ್ಲ ಸುಳ್ಳಾಡಿದ ಅದೇ ಬಾಯಿ ಈ ಮೇಜಿನೆದುರು ಸುಳ್ಳಿಗೆ ಒಪ್ಪಲಿಲ್ಲ.

"ಇದರಲ್ಲಿ ಕಬ್ಬಿಣ ಇದೆ" ಎಂದ.

ಗಿರಾಕಿ ಎಳೆದು ನೋಡಿ, ಉಗಿದು, ಕತ್ತು ಒರೆಸಿಕೊಂಡು ನಕ್ಕರು. "ಇದ್ರೆ ಒಳ್ಳೇದೇ ಅಲ್ವೇನ್ರೀ, ರಕ್ತ ಕಮ್ಮಿ ಇರೋರಿಗೆ ಬೇರೆ ದರದಲ್ಲಿ ಮಾರಬಹುದು."

ಮಾಲೀಕ ನಗಲಿಲ್ಲ. ಇವನ ಮುಖವನ್ನೂ ನೋಡಲಿಲ್ಲ. "ಅಕ್ಕ, ನೀವು ನೋಡಿ" ಎಂದ.

ಅವಳು ಚಮಚ ಎತ್ತುವ ಸದ್ದು ಕೇಳಿಸಿತು. ಎಳೆದ ಸದ್ದು, ಉಗಿದ ಸದ್ದು, ಆಮೇಲೆ ತಗ್ಗಿದ ದನಿ: "ಚೆನ್ನಾಗಿದೆ. ಕಬ್ಬಿಣ ಇಲ್ಲ." ಅವನು ಹಿಂದೆ ಸರಿದ. ಕಿವಿಯ ರೊಟ್ಟಿ ಸದ್ದು ಏರಿತು, ನೆಲ ಡೊಂಕಾಯಿತು. ಕೈಗೆ ಸಿಕ್ಕಿದ್ದನ್ನು ಹಿಡಿದ. ಸಿಕ್ಕಿದ್ದು ಪೀಕದಾನಿ. ಗಾಲಿಯ ಪಾತ್ರೆ ಯಾರ ಭಾರ ಹೊರುತ್ತದೆ? ಅದು ಉರುಳಿತು, ಅವನೂ ಉರುಳಿದ. ಎಲ್ಲರ ಬಾಯಿಂದ ಬಂದ ಆ ತಣ್ಣನೆಯ ಕಂದು ನೀರು ಅಂಗಿಯೊಳಗೆ, ಕತ್ತಿನ ಸುಕ್ಕಿನೊಳಗೆ, ತುಟಿಯ ಮೇಲೆ ಹರಿಯಿತು. ಗಿರಾಕಿ ಎರಡು ಹೆಜ್ಜೆ ಹಿಂದೆ ನೆಗೆದು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಅವನ ಮೇಲೆ ಬಗ್ಗಿ ಸೆರಗಿನಿಂದ ಮುಖ ಒರೆಸಿದವಳು ಎರಡನೆಯವಳು. ಬಾಟಲಿಯನ್ನು ಚೀಲಕ್ಕೆ ಹಾಕಿ, ಆಸ್ಪತ್ರೆಗೆ ಕರೆತಂದು, ಹೆಂಡತಿಗೆ ಫೋನು ಮಾಡಿದವಳೂ ಅವಳೇ. ಹೆಂಡತಿ ಒಗೆದ ಅಂಗಿ ಹಿಡಿದು ಓಡಿಬಂದ ಮೇಲೆ ಎರಡನೆಯವಳು ಸದ್ದಿಲ್ಲದೆ ಹೊರಟುಹೋದಳು.

ಸಂಜೆಯ ಹೊತ್ತಿಗೆ ಎದೆ ಬಡಿತದ ಇ.ಸಿ.ಜಿ. ಪಟ್ಟಿಯೂ ರಕ್ತದ ವರದಿಯೂ ಡಾಕ್ಟರಮ್ಮನ ಮೇಜಿನ ಮೇಲಿದ್ದವು. ಅವರು ಕನ್ನಡಕವನ್ನು ಕೂದಲ ಮೇಲಕ್ಕೇರಿಸಿ, ಇಳಿಸಿ, ಮತ್ತೆ ಏರಿಸಿದರು.

"ಪೊಟ್ಯಾಸಿಯಂ ಸಿಕ್ಕಾಪಟ್ಟೆ ಏರಿದೆ. ಎದೆ ಬಡಿತದಲ್ಲೂ ಅದರ ನೆರಳು ಕಾಣ್ತಿದೆ. ಇವತ್ತು ರಾತ್ರಿ ಇಲ್ಲೇ ಇರಬೇಕು, ಇಳಿಸೋ ಔಷಧಿ ಈಗಲೇ ಶುರು. ಮಾತ್ರೆಯಿಂದ ಹೀಗಾಗುತ್ತೆ ಅಂತ ಹೇಳಿದ್ದೆ. ಪರೀಕ್ಷೆಗೆ ಬನ್ನಿ ಅಂತಲೂ ಹೇಳಿದ್ದೆ." ಅವನು ನೆಲ ನೋಡಿದ. "ಆದ್ರೆ ನನಗೆ ಅರ್ಥ ಆಗ್ತಿಲ್ಲ. ಮಾತ್ರೆ ಅಷ್ಟು ಜೋರಾಗಿ ಕೆಲಸ ಮಾಡಿದ್ರೆ ಬಿ.ಪಿ. ಇಳೀಬೇಕಿತ್ತು. ಅದು ಆಕಾಶಕ್ಕೆ ಹೋಗಿದೆ. ದಿನಾ ತಗೋತಿದೀರಿ ತಾನೇ?"

"ನನ್ನ ಕೈಯಾರೆ ಕೊಡ್ತೀನಿ ಡಾಕ್ಟ್ರೇ" ಎಂದಳು ಹೆಂಡತಿ. "ನುಂಗೋದನ್ನ ನೋಡಿಯೇ ಒಳಗೆ ಹೋಗೋದು."

ಅವನು ಚೀಲದ ಹಿಡಿಯನ್ನು ಸರಿಪಡಿಸಿಕೊಂಡ.

"ಊಟ?"

"ಎಲ್ಲಾ ಸಪ್ಪೆ. ಉಪ್ಪು ಕೂಡ ನೀವು ಹೇಳಿದ ಮೇಲೆ ಬದಲಾಯಿಸಿಬಿಟ್ಟೆ." ಅವಳ ದನಿಯಲ್ಲಿ ಪರೀಕ್ಷೆಯಲ್ಲಿ ಗೆದ್ದವಳ ಸಣ್ಣ ಹೆಮ್ಮೆ ಇತ್ತು. "ಹಸಿರು ಪೊಟ್ಟಣ. ಮೇಲೆ ಕೆಂಪು ಹೃದಯದ ಚಿತ್ರ ಇದೆ. ಬಿ.ಪಿ.ಯವರಿಗೆ ಅಂತಲೇ ಬರೆದಿದೆ."

ಡಾಕ್ಟರಮ್ಮನ ಪೆನ್ನು ನಿಂತಿತು.

"ಅಯ್ಯೋ, ನೋಡಿಯಮ್ಮ" ಎಂದರು ಮೆಲ್ಲಗೆ. "ಆ ಉಪ್ಪಲ್ಲಿ ಸೋಡಿಯಂ ತೆಗೆದು ಪೊಟ್ಯಾಸಿಯಂ ತುಂಬಿರ್ತಾರೆ. ಕಿಡ್ನಿ ಗಟ್ಟಿ ಇರೋರಿಗೆ ಸರಿ, ಹೆಚ್ಚಾದ್ದನ್ನ ಅದು ಹೊರಗೆ ಹಾಕುತ್ತೆ. ಇವರದು ಹಾಕಲ್ಲ. ರಕ್ತದಲ್ಲೇ ಸೇರಿಕೊಂಡು ಹೃದಯಾನ ನಿಲ್ಲಿಸಿಬಿಡಬಹುದು. ಇವರಿಗೆ ಅದು ವಿಷ. ನಾನು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ."

"ಹೃದಯ ಬರೆದಿತ್ತಲ್ಲ ಡಾಕ್ಟ್ರೇ..." ಎಂದಳು ಹೆಂಡತಿ. ಅವನು ಕಳಚಿಕೊಟ್ಟಿದ್ದ ಒದ್ದೆ ಅಂಗಿಯ ಗಂಟು ಅವಳ ಮಡಿಲಿಂದ ಜಾರಿತು, ಎತ್ತಿಕೊಳ್ಳಲಿಲ್ಲ.

ಅವಳ ಮುಖ ಬಾಡುತ್ತಿದ್ದುದನ್ನು ಅವನು ನೋಡಿದ. ನೋಡಿಯೂ ಅವನೊಳಗೆ ಎದ್ದದ್ದು ಬೇರೆಯೇ ಒಂದು ಪ್ರಶ್ನೆ.

"ಅದರ ರುಚಿ ಹೇಗಿರುತ್ತೆ?" ಎಂದು ಕುರ್ಚಿಯ ಅಂಚಿಗೆ ಸರಿದು ಕೇಳಿದ.

"ಏನು?"

"ಆ ಉಪ್ಪು. ರುಚಿ."

"ಕಹಿ ಅಂತಾರೆ. ಲೋಹ ನೆಕ್ಕಿದ ಹಾಗೆ."

ಅವನು ಚೀಲಕ್ಕೆ ಕೈ ಹಾಕಿ ಬಾಟಲಿ ತೆಗೆದ. ಡಾಕ್ಟರಮ್ಮ ಬೇಡ ಎನ್ನುವಷ್ಟರಲ್ಲಿ ಎರಡು ಹನಿಯನ್ನು ಅಂಗೈಗೆ ಬಿಟ್ಟು, ಬದುಕಿನಲ್ಲಿ ಮೊದಲ ಸಲ ತನ್ನ ಮುಕ್ಕಳಿಸುವ ನೀರಿನ ರುಚಿ ನೋಡಿದ. ಕಣ್ಣು ಮುಚ್ಚಿದ. ಚಹಾದ ಮರೆಯಿಲ್ಲದೆ, ಬತ್ತಲೆಯಾಗಿ, ಅಲ್ಲಿ ಕಬ್ಬಿಣ ನಿಂತಿತ್ತು. ಚಹಾದಲ್ಲಿ ಏನೂ ಇರಲಿಲ್ಲ, ಮಾತ್ರೆಯಲ್ಲೂ ಇರಲಿಲ್ಲ. ತಿಂಗಳೆಲ್ಲ ನಾಲಿಗೆ ಸತ್ಯವನ್ನೇ ನುಡಿದಿತ್ತು; ಕೇಳುವವನಿಗೆ ತಿಳಿದಿರಲಿಲ್ಲ. ಸಂತೋಷ ಅವನ ಎದೆಯಿಂದ ಉಕ್ಕಿ ಬಾಯಿಗೆ ಬಂತು.

"ನನ್ನ ನಾಲಿಗೆ ಸರಿಯಾಗೇ ಇದೆ! ಇದು ಕಣೇ, ಈ ನೀರು! ಒಂದು ಚಿಟಿಕೆ ಹಾಕಿದ್ರೂ ಹಿಡಿದುಬಿಟ್ಟಿದೆ ನೋಡು! ನಾನು ಸುಮ್ಸುಮ್ನೆ ಮಾತ್ರೆ ಮೇಲೆ ಅನುಮಾನ ಪಟ್ಟು ವಾರವೆಲ್ಲ ಚರಂಡಿಗೆ ಉಗೀತಿದ್ದೆ!"

ಮಾತು ಹೊರಗೆ ಬಿದ್ದ ಮೇಲೆ ಅದರ ಸದ್ದು ಅವನಿಗೂ ಕೇಳಿಸಿತು.

ಡಾಕ್ಟರಮ್ಮ ವರದಿಯನ್ನು ಮತ್ತೊಮ್ಮೆ ನೋಡಿ ಉಸಿರು ಬಿಟ್ಟರು. "ಹಾಗಾದ್ರೆ ಸರಿಹೋಯ್ತು. ಬಿ.ಪಿ. ಯಾಕೆ ಏರಿತು ಅಂತ ಈಗ ಗೊತ್ತಾಯ್ತು. ಒಂದು ಲೆಕ್ಕದಲ್ಲಿ..." ಅವರು ತಡವರಿಸಿದರು. "ಆ ಉಪ್ಪಿನ ಮೇಲೆ ಈ ಮಾತ್ರೆಯೂ ಸೇರಿದ್ರೆ ಪೊಟ್ಯಾಸಿಯಂ ಇನ್ನೂ ಏರ್ತಿತ್ತು. ನೀವು ಉಗಿದದ್ದು ಈ ಸಲ ನಿಮ್ಮನ್ನ ಉಳಿಸಿರಬಹುದು. ಅದನ್ನ ಜಾಣತನ ಅಂದ್ಕೋಬೇಡಿ. ಆ ಬಿ.ಪಿ.ಗೆ ಮೆದುಳಲ್ಲಿ ನರ ಒಡೀಬಹುದಿತ್ತು."

ಹೆಂಡತಿ ತಲೆಯೆತ್ತಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಬೆಳಿಗ್ಗೆ ಗಿರಾಕಿಯ ಮುಖದಲ್ಲಿದ್ದ ಹೇಸಿಗೆಯೇ ಅಲ್ಲಿತ್ತು. ಮೂಗಿಗೆ ಕರವಸ್ತ್ರ ಮಾತ್ರ ಇರಲಿಲ್ಲ.

"ಬಾಯಿ ತೆಗೆದು ತೋರಿಸ್ತಿದ್ರಲ್ಲ?" ಎಂದಳು. "ಆ ಅಂತ. ಮಗು ಹಾಗೆ."

"ಇವಳೇ, ಕೇಳು..."

"ನನ್ನ ಅಡುಗೆ ವಿಷ. ನಿಮ್ಮ ಉಗುಳು ಅಮೃತ. ಆಯ್ತು, ಡಾಕ್ಟ್ರ ಎದುರೇ ತೀರ್ಮಾನ ಆಯ್ತು." ಅವಳು ಎದ್ದಳು. ನೆಲದ ಮೇಲಿದ್ದ ಒದ್ದೆ ಅಂಗಿಯ ಗಂಟನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಗಳಿಗೆ ಹಿಡಿದು, ಅವನ ಮಡಿಲಿಗೆ ಹಾಕಿದಳು. "ಉಗಿಯೋದೊಂದು ಬಿಟ್ಟು ಬೇರೆ ವಿದ್ಯೆ ಬರಲಿಲ್ಲ ನಿಮಗೆ. ನಿಮ್ಮ ನಾಲಿಗೆ ಉಳೀತಲ್ಲ, ಅದರ ಜೊತೇಲೇ ಇರಿ."

ಅಂಗಿಯಿಂದ ಹಳಸಿದ ಚಹಾದ ನಾತ ಎದ್ದಿತು. ಯಾವ ತೋಟದ ಎಲೆ, ಎಷ್ಟು ಹೊತ್ತು ಬೆಂದದ್ದು, ಎಲ್ಲವೂ ಅವನಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಬಾಯಲ್ಲಿ ಜೊಲ್ಲು ತುಂಬಿಕೊಂಡಿತು. ಉಗಿಯಲು ಆ ಕೋಣೆಯಲ್ಲಿ ಏನೂ ಇರಲಿಲ್ಲ. ಕಬ್ಬಿಣವನ್ನೂ ಸೇರಿಸಿ ನುಂಗಿದ. ಮಾತಾಡಲು ಬಾಯಿ ಬರಿದಾಗುವ ಹೊತ್ತಿಗೆ ಅವಳು ಹೊರಗೆ ಹೋಗಿ ಆಗಿತ್ತು, ಅವಳ ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಿತ್ತು.